ಓದುಗರ ಪ್ರಶ್ನೆ: ಯಾರ್ಕ್‌ಟೌನನ್ನು ಬಿಟ್ಟು ಬರಬಹುದೇ?

ಪ್ರಶ್ನೆ: ಮಗಳು ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನಲ್ಲಿದ್ದಾಳೆ. ಬರುವ ಅಕ್ಟೋಬರ್‌ನಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೋಗುವವರಿದ್ದೇವೆ. ಬ್ರಿಟಿಷರ ಕಾಲದ ಜೇಮ್ಸ್‌ಟೌನ್, ವಿಲಿಯಮ್ಸ್‌ಬರ್ಗ್, ಯಾರ್ಕ್‌ಟೌನ್‌ಗಳನ್ನು ನೋಡಲು ಎರಡು ದಿನ ಸಿಗುತ್ತದೆ. ವಿಲಿಯಮ್ಸ್‌ಬರ್ಗ್ ಒಂದೇ ಸಾಕು, ಯಾರ್ಕ್‌ಟೌನ್ ಬರೀ ಬಯಲು ಎನ್ನುತ್ತಾಳೆ ಮಗಳು. ಯಜಮಾನರಿಗೆ ಮಂಡಿನೋವು ಬೇರೆ ಇದೆ. ತಮ್ಮ ಸಲಹೆಯೇನು?
– ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಎರಡು ದಿನದಲ್ಲಿ ಮೂರೂ ಊರುಗಳನ್ನು ನೋಡಬಹುದು. ಮೈಸೂರಿನವರಾದ ನೀವು ಯಾರ್ಕ್‌ಟೌನನ್ನು ಮಾತ್ರ ಖಂಡಿತ ಬಿಡಬೇಡಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರ ಅಕ್ಟೋಬರ್ 19ರಂದು, ಜಾರ್ಜ್ ವಾಷಿಂಗ್ಟನ್ನರ ಸೇನೆಗೂ ಅವರ ನೆರವಿಗೆ ಬಂದಿದ್ದ ಫ್ರೆಂಚರಿಗೂ ಅಲ್ಲಿ ಸೋತು ಶರಣಾದವನು ಬ್ರಿಟಿಷ್ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್. ಅದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, 1791ರ ಮಾರ್ಚ್ 21ರ ರಾತ್ರಿ ಬೆಂಗಳೂರಿನ ಕೋಟೆಯನ್ನು ಹಿಡಿದು, ಮರುವರ್ಷ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ನಿಂತು, ಟಿಪ್ಪು ಸುಲ್ತಾನನಿಂದ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯ ಕರಾರನ್ನೂ ಒತ್ತೆಯಾಳುಗಳಾಗಿ ಇಬ್ಬರು ಮಕ್ಕಳನ್ನೂ ಪಡೆದನು. ನಮ್ಮ ಚರಿತ್ರೆಯ ಪಾಠದಲ್ಲಿ ಗೆದ್ದವನಾಗಿಯೇ ಕಾಣುವ ಈತ ಸೋತ ನೆಲ ಅದು.

ಬಯಲು ಎಂಬ ಮಾತು ಸುಳ್ಳಲ್ಲ. ಆದರೆ ಆ ಬಯಲಿನಲ್ಲಿ ಮುತ್ತಿಗೆಯ ಕಂದಕಗಳನ್ನೂ ಮಣ್ಣಿನ ದಿಬ್ಬಗಳನ್ನೂ ಮೊದಲಿದ್ದ ಜಾಗದಲ್ಲೇ ಮತ್ತೆ ಕಟ್ಟಿ ತೋರಿಸಿದ್ದಾರೆ. ಅಕ್ಟೋಬರ್ 14ರ ರಾತ್ರಿ ಅಮೆರಿಕನ್ನರೂ ಫ್ರೆಂಚರೂ ಏಕಕಾಲಕ್ಕೆ ನುಗ್ಗಿ ಹಿಡಿದ, ಬ್ರಿಟಿಷರ ರಕ್ಷಣಾ ಸಾಲಿನ 9 ಮತ್ತು 10ನೆಯ ದಿಬ್ಬಗಳ ಬಳಿ ನಿಂತು ನದಿಯ ಕಡೆ ನೋಡಿದರೆ, ಫ್ರೆಂಚ್ ನೌಕಾಪಡೆ ಕೊಲ್ಲಿಯ ಬಾಯನ್ನು ಮುಚ್ಚಿದ ಮೇಲೆ ಕಾರ್ನ್‌ವಾಲಿಸನಿಗೆ ಹಿಂದೆಗೆಯಲು ದಾರಿಯೇ ಉಳಿದಿರಲಿಲ್ಲವೆಂಬುದು ಯಾರೂ ವಿವರಿಸದೆಯೇ ತಿಳಿಯುತ್ತದೆ. ಶರಣಾಗತಿಯ ಷರತ್ತುಗಳನ್ನು ಚರ್ಚಿಸಿದ ಮೂರ್ ಮನೆಯೂ, ಸೈನಿಕರು ಆಯುಧ ಕೆಳಗಿಟ್ಟ ಮೈದಾನವೂ ಅಲ್ಲಿಯೇ ಇವೆ. ಅಂದು ಕಾರ್ನ್‌ವಾಲಿಸ್ ಅನಾರೋಗ್ಯವೆಂದು ಹೇಳಿ ತನ್ನ ಕೈಕೆಳಗಿನ ಅಧಿಕಾರಿ ಓಹಾರನನ್ನು ಕಳುಹಿಸಿದ್ದನು. ಯುದ್ಧಭೂಮಿಯನ್ನು ಕಾರಿನಲ್ಲಿ ಕುಳಿತೇ ಸುತ್ತುವಂತೆ ದಾರಿ ಮಾಡಿರುವುದರಿಂದ ನಿಮ್ಮ ಯಜಮಾನರಿಗೆ ಮೂರು ಊರುಗಳಲ್ಲಿ ಇದೇ ಹಗುರವಾದೀತು. ಅಕ್ಟೋಬರ್ 19ರಂದು ಅಲ್ಲಿ ವಾರ್ಷಿಕೋತ್ಸವ ನಡೆಯುತ್ತದೆ. ಜನಜಂಗುಳಿ ಬೇಡವೆನಿಸಿದರೆ ಆ ದಿನವನ್ನು ತಪ್ಪಿಸಿ.

ಜೇಮ್ಸ್‌ಟೌನ್ ಎಂಬ ಹೆಸರಿನಲ್ಲಿ ಎರಡು ಬೇರೆ ಸ್ಥಳಗಳಿರುವುದನ್ನು ಮೊದಲೇ ತಿಳಿದಿರಿ. ಒಂದು, 1607ರಲ್ಲಿ ಇಂಗ್ಲಿಷರು ನೆಲೆಯೂರಿದ ನಿಜವಾದ ದ್ವೀಪ. ನದಿ ಕೊಚ್ಚಿಕೊಂಡು ಹೋಗಿದೆಯೆಂದು ಬಹುಕಾಲ ನಂಬಲಾಗಿದ್ದ ಅವರ ಕೋಟೆಯ ಕುರುಹುಗಳು 1994ರಲ್ಲಿ ಆರಂಭವಾದ ಉತ್ಖನನದಿಂದ ಅಲ್ಲಿ ದೊರೆತವು. ಇಂದಿಗೂ ಅಗೆತ ನಡೆಯುತ್ತಿದೆ. ಇನ್ನೊಂದು, ಹತ್ತಿರದಲ್ಲೇ ಇರುವ, ಹಡಗುಗಳ ಮತ್ತು ಕೋಟೆಯ ಪ್ರತಿಕೃತಿಗಳುಳ್ಳ ವಸ್ತುಸಂಗ್ರಹಾಲಯ. ಮೊಮ್ಮಕ್ಕಳು ಜೊತೆಗಿದ್ದರೆ ಎರಡನೆಯದು, ನೀವಿಬ್ಬರೇ ಆದರೆ ಮೊದಲನೆಯದು.

ವಿಲಿಯಮ್ಸ್‌ಬರ್ಗ್ 1699ರಿಂದ 1780ರವರೆಗೆ ವರ್ಜೀನಿಯಾದ ರಾಜಧಾನಿಯಾಗಿತ್ತು. ಪಾಳುಬೀಳುತ್ತಿದ್ದ ಊರನ್ನು 1926ರಿಂದ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಅವರ ಹಣದಿಂದ ಹಳೆಯ ರೂಪಕ್ಕೆ ತರಲಾಯಿತು. ಬೀದಿಯಲ್ಲಿ ಓಡಾಡಲು ಹಣ ಕೊಡಬೇಕಾಗಿಲ್ಲ. ಕಟ್ಟಡಗಳ ಒಳಗೆ ಹೋಗಲು, ಕಮ್ಮಾರ, ಮುದ್ರಣಕಾರ ಮುಂತಾದ ಕಸುಬುದಾರರ ಕೆಲಸ ನೋಡಲು ಟಿಕೆಟ್ ಬೇಕು. ಮುಖ್ಯ ಬೀದಿಯೇ ಸುಮಾರು ಒಂದೂವರೆ ಕಿಲೋಮೀಟರ್ ಇದ್ದು, ನಡಿಗೆ ಹೆಚ್ಚು. ಅಚ್ಚುಕಟ್ಟಾದ ಮನೆ, ತೋಟಗಳನ್ನು ಮೆಚ್ಚಿ ಹಿಂದಿರುಗುವುದು ಸುಲಭ; ಆದರೆ ಹದಿನೆಂಟನೆಯ ಶತಮಾನದಲ್ಲಿ ಆ ಊರಿನ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಪ್ಪು ಜನರು, ಅವರಲ್ಲಿ ಬಹುಪಾಲು ಗುಲಾಮರು. 1760ರಲ್ಲಿ ಕಪ್ಪು ಮಕ್ಕಳಿಗಾಗಿ ತೆರೆದ ಬ್ರೇ ಶಾಲೆಯ ಕಟ್ಟಡವನ್ನು ಇತ್ತೀಚೆಗೆ ಗುರುತಿಸಿ ಊರೊಳಗೆ ತಂದಿರಿಸಿದ್ದಾರೆ. ಶಿಕ್ಷಕಿಯಾಗಿದ್ದ ನೀವು ರಾಜ್ಯಪಾಲರ ಅರಮನೆಗಿಂತ ಮೊದಲು ಅದನ್ನು ನೋಡಬೇಕೆಂದು ನನ್ನ ಆಸೆ.

ವಿಲಿಯಮ್ಸ್‌ಬರ್ಗ್‌ನಲ್ಲಿ ಒಂದು ರಾತ್ರಿ ತಂಗಿ. ಮೊದಲ ದಿನ ಬೆಳಿಗ್ಗೆ ಜೇಮ್ಸ್‌ಟೌನ್, ಮಧ್ಯಾಹ್ನದ ಮೇಲೆ ವಿಲಿಯಮ್ಸ್‌ಬರ್ಗ್. ಮರುದಿನ ಅಲ್ಲಿ ಉಳಿದದ್ದನ್ನು ಮುಗಿಸಿ ಯಾರ್ಕ್‌ಟೌನ್. ಮೂರನ್ನೂ ಜೋಡಿಸುವ ಕಲೋನಿಯಲ್ ಪಾರ್ಕ್‌ವೇ ಸುಮಾರು 37 ಕಿಲೋಮೀಟರ್ ಉದ್ದದ, ಮರಗಳ ನಡುವೆ ನದಿಯ ಅಂಚಿನಲ್ಲಿ ಸಾಗುವ ರಸ್ತೆ. ಅದರಲ್ಲಿ ಅಂಗಡಿಯಾಗಲಿ ಪೆಟ್ರೋಲ್ ಬಂಕ್ ಆಗಲಿ ಇಲ್ಲ. ದುರಸ್ತಿಗಾಗಿ ಕೆಲವು ಭಾಗಗಳನ್ನು ಮುಚ್ಚುವುದುಂಟು. ಹೊರಡುವ ಮುನ್ನ ರಾಷ್ಟ್ರೀಯ ಉದ್ಯಾನ ಸೇವೆಯ ಜಾಲತಾಣವನ್ನು ನೋಡಲು ಮಗಳಿಗೆ ಹೇಳಿ.

ಪ್ರಶ್ನೆ: ಕಾರ್ನ್‌ವಾಲಿಸನ ಯುದ್ಧದ ಗುರುತುಗಳು ನಮ್ಮಲ್ಲಿ ಎಲ್ಲಿವೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕೃಷ್ಣರಾಜೇಂದ್ರ ಮಾರುಕಟ್ಟೆಯ ಪಕ್ಕದಲ್ಲಿ ಉಳಿದಿರುವ ಕೋಟೆಯ ತುಣುಕಿಗೆ ಹೋಗಿ. ಗೋಡೆ ಒಡೆದು ಬ್ರಿಟಿಷರು ಒಳನುಗ್ಗಿದ ಜಾಗವನ್ನು ಹೇಳುವ ಕಲ್ಲಿನ ಫಲಕ ಅಲ್ಲಿದೆ. ಅದೇ ಹೋರಾಟದಲ್ಲಿ ಕಿಲ್ಲೇದಾರ ಬಹಾದ್ದೂರ್ ಖಾನ್ ಮಡಿದನು. ಬಳಿಕ ಶ್ರೀರಂಗಪಟ್ಟಣದ ಪೂರ್ವ ತುದಿಗೆ, ಈಗ ಗುಂಬಜ್ ಇರುವ ಕಡೆಗೆ ಹೋಗಿ. 1792ರಲ್ಲಿ ಅಲ್ಲಿದ್ದ ಸುಲ್ತಾನನ ಲಾಲ್‌ಬಾಗಿನ ಮರಗಳನ್ನು ಬ್ರಿಟಿಷರು ಮುತ್ತಿಗೆಯ ಸಾಮಗ್ರಿಗಾಗಿ ಕಡಿದುಹಾಕಿದರು.