ಒಂದೇ ಪದರದ ಚಿಪ್ಪಿಗೂ ಇದ್ದಿಲಿಗೂ 450 ವರ್ಷದ ಅಂತರ ಬಂದರೆ ಯಾವುದನ್ನು ನಂಬಬೇಕು?

ನಿಮ್ಮ ಪ್ರಶ್ನೆ ಇಷ್ಟು: ಅಗೆತದಲ್ಲಿ ಒಂದೇ ಪದರದಿಂದ ಒಂದು ಚಿಪ್ಪು, ಒಂದು ತುಂಡು ಇದ್ದಿಲು ಸಿಕ್ಕಿವೆ. ಎರಡನ್ನೂ ಕಾರ್ಬನ್ ಡೇಟಿಂಗ್‌ಗೆ ಕಳಿಸಿದಾಗ ಚಿಪ್ಪು 3150 ವರ್ಷ, ಇದ್ದಿಲು 2700 ವರ್ಷ ಅಂತ ಬಂದಿದೆ. ಚಿಪ್ಪು ಅಂದರೆ ಬರೀ ಸುಣ್ಣ ತಾನೇ, ಅದರಲ್ಲಿ ವಯಸ್ಸು ಅಳೆಯೋಕೆ ಏನಿದೆ, ಲ್ಯಾಬ್‌ನವರು ಎಡವಿದ್ದಾರಾ ಅಂತ ಕೇಳಿದ್ದೀರಿ.

ಲ್ಯಾಬ್ ಎಡವಿರಲೇಬೇಕು ಅಂತೇನಿಲ್ಲ. ಎರಡೂ ಸಂಖ್ಯೆಗಳು ಸರಿಯಾಗಿಯೇ ಇರಬಹುದು. ನಾನು ಚಿಪ್ಪಿನ ಮಾದರಿಗಳನ್ನು ಡೇಟಿಂಗ್‌ಗೆ ಸಿದ್ಧ ಮಾಡುವ ಕೆಲಸ ಮಾಡಿದ್ದೇನೆ. ಇಂಥ ಅಂತರ ಕಂಡ ತಕ್ಷಣ ಚಿಪ್ಪನ್ನು ಬದಿಗಿಟ್ಟು ಇದ್ದಿಲಿನ ಮಾತನ್ನೇ ಹಿಡಿಯುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಲ್ಯಾಬ್ ಅಳೆಯುವುದು ಚಿಪ್ಪಿನೊಳಗಿನ ಇಂಗಾಲದ ವಯಸ್ಸನ್ನು. ಆ ಇಂಗಾಲ ಎಲ್ಲಿಂದ ಬಂತು, ಬಂದದ್ದು ಹಾಗೇ ಉಳಿದಿದೆಯಾ ಅನ್ನುವ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಚಿಪ್ಪು ತುಂಬಾ ಒಳ್ಳೆಯ ಸಾಕ್ಷಿ.

ಮೊದಲು ಸುಣ್ಣದ ವಿಷಯ. ಚಿಪ್ಪಿನ ನೂರಕ್ಕೆ 95ಕ್ಕಿಂತ ಹೆಚ್ಚು ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಉಳಿದದ್ದು ಪ್ರೊಟೀನ್, ಕೈಟಿನ್ ಥರದ ಜೈವಿಕ ವಸ್ತು. ಪ್ರಾಣಿಯ ಮೈಗೆ ಅಂಟಿಕೊಂಡ ಮ್ಯಾಂಟಲ್ ಎಂಬ ಪೊರೆ, ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟನ್ನು ತೆಗೆದುಕೊಂಡು ಪದರ ಪದರವಾಗಿ ಹರಳು ಕಟ್ಟುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕದಲ್ಲಿ ನೂರಕ್ಕೆ 12 ಭಾಗ ಇಂಗಾಲ. ಅಂದರೆ 10 ಮಿಲಿಗ್ರಾಂ ಚಿಪ್ಪಿನಲ್ಲಿ ಸುಮಾರು 1.2 ಮಿಲಿಗ್ರಾಂ ಇಂಗಾಲ ಇರುತ್ತದೆ. ಅಳತೆ ಮಾಡುವ ಈಗಿನ ಆಕ್ಸಲರೇಟರ್ ಯಂತ್ರಗಳಿಗೆ ಅಷ್ಟು ಸಾಕು. ವಯಸ್ಸು ಹೇಳುವುದು ಕಾರ್ಬನ್-14, ಅಂದರೆ ಕಾಲ ಕಳೆದಂತೆ ತಾನಾಗಿಯೇ ಕ್ಷಯವಾಗುವ ಒಂದು ಬಗೆಯ ಇಂಗಾಲ. ಅದು ಹುಟ್ಟುವುದು ವಾತಾವರಣದ ಮೇಲ್ಭಾಗದಲ್ಲಿ. ಅದರ ಅರ್ಧಾಯು 5730 ವರ್ಷ, ಅಂದರೆ ಅಷ್ಟು ಕಾಲಕ್ಕೆ ಅರ್ಧ ಮಾತ್ರ ಉಳಿಯುತ್ತದೆ. ಸುಮಾರು 50,000 ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ. ಈ ವಿಧಾನ ಕಟ್ಟಿದ ವಿಲ್ಲರ್ಡ್ ಲಿಬ್ಬಿಗೆ 1960ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ಇದ್ದಿಲಾಗಿದ್ದ ಮರ ತನ್ನ ಇಂಗಾಲವನ್ನು ನೇರವಾಗಿ ಗಾಳಿಯಿಂದ ತೆಗೆದುಕೊಂಡಿತ್ತು. ಚಿಪ್ಪಿನ ಪ್ರಾಣಿ ತನ್ನ ಪಾಲನ್ನು ನೀರಿನಿಂದ ತೆಗೆದುಕೊಂಡಿತು. ವ್ಯತ್ಯಾಸ ಶುರುವಾಗುವುದೇ ಇಲ್ಲಿ.

ಸಮುದ್ರದ ಆಳದ ನೀರು ನೂರಾರು ವರ್ಷ, ಕೆಲವು ಕಡೆ ಸಾವಿರಕ್ಕೂ ಹೆಚ್ಚು ವರ್ಷ, ಗಾಳಿಯ ಮುಖವನ್ನೇ ನೋಡಿರುವುದಿಲ್ಲ. ಅಷ್ಟು ಕಾಲದಲ್ಲಿ ಅದರೊಳಗಿನ ಕಾರ್ಬನ್-14 ಒಂದಿಷ್ಟು ಕ್ಷಯವಾಗಿರುತ್ತದೆ. ಆ ನೀರು ಮೇಲಕ್ಕೆ ಬಂದು ಮೇಲ್ಪದರದ ನೀರಿನ ಜೊತೆ ಬೆರೆಯುತ್ತದೆ. ಹಾಗಾಗಿ 1950ಕ್ಕಿಂತ ಮೊದಲಾಗಿದ್ದರೆ, ಆಗಷ್ಟೇ ಸತ್ತ ಸಮುದ್ರದ ಪ್ರಾಣಿಯ ಚಿಪ್ಪು ಕೂಡ, ಯಾವ ತಿದ್ದುಪಡಿಯೂ ಮಾಡದೆ ನೋಡಿದರೆ, ಕೆಲವು ನೂರು ವರ್ಷ ಹಳೆಯದಾಗಿ ಕಾಣುತ್ತಿತ್ತು. ಜಗತ್ತಿನ ಸಮುದ್ರಗಳ ಸರಾಸರಿ ತೆಗೆದರೆ ಈ ಹೆಚ್ಚುವರಿ ವಯಸ್ಸು 400ರಿಂದ 550 ವರ್ಷದ ಆಸುಪಾಸಿನಲ್ಲಿದೆ. ಅಂಟಾರ್ಟಿಕಾ ಸುತ್ತ ಹಳೆಯ ನೀರು ಜಾಸ್ತಿ ಮೇಲೆ ಬರುವುದರಿಂದ ಅಲ್ಲಿ 1000 ದಾಟುತ್ತದೆ. ನಿಮ್ಮ ಅಂತರ 450. ನಿಮ್ಮದು ಸಮುದ್ರದ ಚಿಪ್ಪಾದರೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ.

ಆದರೆ 400 ಕಳೆದು ಕೈ ತೊಳೆದುಕೊಂಡರೆ ಆಗುವುದಿಲ್ಲ. ಒಂದು ಕರಾವಳಿಗೂ ಇನ್ನೊಂದಕ್ಕೂ ಈ ವ್ಯತ್ಯಾಸ ಬೇರೆ. ಅದಕ್ಕೆ ಸಮುದ್ರದ ಮಾದರಿಗಳಿಗೆಂದೇ ಮೆರೈನ್20 ಎಂಬ ತಿದ್ದುಪಡಿ ರೇಖೆ ಇದೆ, ಅದರ ಮೇಲೆ ಸ್ಥಳೀಯ ತಿದ್ದುಪಡಿಯಾಗಿ ಡೆಲ್ಟಾ-ಆರ್ ಅನ್ನುವ ಸಂಖ್ಯೆಯನ್ನು ಹಾಕುತ್ತಾರೆ. ಆ ಸಂಖ್ಯೆಯನ್ನು ಕಂಡುಹಿಡಿಯುವ ರೀತಿ ನನಗೆ ತುಂಬಾ ಇಷ್ಟ. 1950ಕ್ಕಿಂತ ಮೊದಲು ಜೀವಂತವಾಗಿ ಹಿಡಿದು, ಹಿಡಿದ ಜಾಗ ಮತ್ತು ವರ್ಷ ಬರೆದಿಟ್ಟ ಚಿಪ್ಪುಗಳು ವಸ್ತುಸಂಗ್ರಹಾಲಯಗಳ ಪೆಟ್ಟಿಗೆಗಳಲ್ಲಿ ಇರುತ್ತವೆ. ಅವುಗಳ ನಿಜವಾದ ವಯಸ್ಸು ಗೊತ್ತಿರುವುದರಿಂದ, ಅಳತೆಯಲ್ಲಿ ಎಷ್ಟು ಹೆಚ್ಚು ಬಂತು ಅಂತ ನೋಡಿದರೆ ಆ ಕರಾವಳಿಯ ಲೆಕ್ಕ ಸಿಗುತ್ತದೆ. ಆಮೇಲಿನವು ಯಾಕೆ ಬೇಡ ಅಂದರೆ, ಅಣುಬಾಂಬ್ ಪರೀಕ್ಷೆಗಳಿಂದ 1960ರ ದಶಕದ ಮೊದಲ ಭಾಗದಲ್ಲಿ ಗಾಳಿಯ ಕಾರ್ಬನ್-14 ಸುಮಾರು ಎರಡು ಪಟ್ಟಾಯಿತು, ಅದು ಸಮುದ್ರಕ್ಕೂ ಇಳಿಯಿತು.

ನಿಮ್ಮ ಚಿಪ್ಪು ಹೊಳೆ, ಕೆರೆಯದ್ದಾದರೆ ಕತೆ ಬೇರೆ. ನೀರು ಸುಣ್ಣದಕಲ್ಲಿನ ಮೇಲೆ ಹರಿದು ಬಂದರೆ ಕೋಟ್ಯಂತರ ವರ್ಷ ಹಳೆಯ ಇಂಗಾಲವನ್ನು ಕರಗಿಸಿಕೊಂಡು ತರುತ್ತದೆ. ಅದರಲ್ಲಿ ಕಾರ್ಬನ್-14 ಸೊನ್ನೆ. 1963ರಲ್ಲೇ ಕೀತ್ ಮತ್ತು ಆಂಡರ್ಸನ್ ಎಂಬ ಇಬ್ಬರು, ನದಿಯ ಮೃದ್ವಂಗಿಗಳ ಹೊಸ ಚಿಪ್ಪುಗಳೇ 2000 ವರ್ಷಕ್ಕೂ ಹೆಚ್ಚು ಹಳೆಯವಾಗಿ ಕಾಣಬಹುದು ಅಂತ ತೋರಿಸಿದ್ದರು. ಸಮುದ್ರಕ್ಕಿರುವಂತೆ ಇದಕ್ಕೆ ಒಂದು ಸರಾಸರಿ ಇಲ್ಲ, ಒಂದೊಂದು ಹೊಳೆಗೆ ಒಂದೊಂದು. ನೆಲದ ಬಸವನಹುಳು ಕೂಡ ಸುಣ್ಣದಕಲ್ಲನ್ನು ಕೆರೆದು ತಿಂದು ಅದರ ಇಂಗಾಲವನ್ನು ಚಿಪ್ಪಿಗೆ ಸೇರಿಸಿಕೊಳ್ಳುತ್ತದೆ. ಇಂಥ ಚಿಪ್ಪಾದರೆ ನಾನೂ ಇದ್ದಿಲಿನ ಕಡೆಗೇ ವಾಲುತ್ತೇನೆ.

ಹಾಗಂತ ಇದ್ದಿಲು ಅಷ್ಟೊಂದು ಸಾಚಾ ಅಲ್ಲ. ನೂರಾರು ವರ್ಷ ಬದುಕಿದ ಮರದ ತಿರುಳಿನ ತುಂಡಾದರೆ, ಉರಿಸಿದ ದಿನಕ್ಕಿಂತ ಅದು ಆಗಲೇ ಅಷ್ಟು ಹಳೆಯದು. ಅದೇ ರೀತಿ ದಡದಲ್ಲಿ ಎಂದೋ ಬಿದ್ದಿದ್ದ ಹಳೆಯ ಚಿಪ್ಪನ್ನು ಯಾರೋ ಮಣಿ ಮಾಡಲು ಎತ್ತಿಕೊಂಡು ಬಂದಿರಬಹುದು. ತಿಂದು ಬಿಸಾಡಿದ ಚಿಪ್ಪಾದರೆ ಈ ಅನುಮಾನ ಇಲ್ಲ, ಸತ್ತದ್ದನ್ನು ಯಾರೂ ತಿನ್ನುವುದಿಲ್ಲ ಅಲ್ವಾ. ಎರಡು ಹೋಳೂ ಕೂಡಿಕೊಂಡೇ ಸಿಕ್ಕಿದ್ದರೆ ಇನ್ನೂ ಒಳ್ಳೆಯದು. ತಿಂಗಳುಗಟ್ಟಲೆ ಅಲೆಗೆ ಸಿಕ್ಕಿ ಉರುಳಾಡಿದ ಚಿಪ್ಪಿನ ಹೋಳುಗಳು ಬೇರೆಯಾಗಿರುತ್ತವೆ, ಅಂಚು ಸವೆದಿರುತ್ತದೆ.

ಈಗ ಎರಡನೇ ಪ್ರಶ್ನೆ, ಇಂಗಾಲ ಹಾಗೇ ಉಳಿದಿದೆಯಾ ಅನ್ನುವುದು. ಕ್ಯಾಲ್ಸಿಯಂ ಕಾರ್ಬೊನೇಟ್ ಚಿಪ್ಪಿನಲ್ಲಿ ಮುಖ್ಯವಾಗಿ ಎರಡು ರೂಪದಲ್ಲಿ ಹರಳಾಗುತ್ತದೆ: ಅರಗೊನೈಟ್ ಮತ್ತು ಕ್ಯಾಲ್ಸೈಟ್. ಮುತ್ತಿನ ಹೊಳಪಿನ ಪದರ ಅರಗೊನೈಟ್. ಆಯ್‌ಸ್ಟರ್ ಚಿಪ್ಪು ಬಹುಪಾಲು ಕ್ಯಾಲ್ಸೈಟ್. ಅರಗೊನೈಟ್ ಅಷ್ಟು ಗಟ್ಟಿ ನೆಲೆಯದ್ದಲ್ಲ. ಮಣ್ಣಿನ ತೇವದಲ್ಲಿ ನಿಧಾನವಾಗಿ ಕರಗಿ ಮತ್ತೆ ಹರಳಾಗುವಾಗ ಸಾಮಾನ್ಯವಾಗಿ ಕ್ಯಾಲ್ಸೈಟ್ ಆಗುತ್ತದೆ, ಆಗ ಮಣ್ಣಿನ ನೀರಿನ ಇಂಗಾಲ ಒಳಗೆ ಸೇರುತ್ತದೆ. ಇದೇ ನಮಗೆ ಅನುಕೂಲ ಕೂಡ. ಪೂರ್ತಿ ಅರಗೊನೈಟ್ ಇರಬೇಕಾದ ಜಾತಿಯಲ್ಲಿ ಕ್ಯಾಲ್ಸೈಟ್ ಕಂಡರೆ ಚಿಪ್ಪು ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಹರಳಿನ ರಚನೆ ತೋರಿಸುವ ಎಕ್ಸ್-ರೇ ಡಿಫ್ರಾಕ್ಷನ್‌ನಲ್ಲಿ ನೋಡಬಹುದು, ಇಲ್ಲವೇ ಫೈಗಲ್ ದ್ರಾವಣ ಹಾಕಿದರೆ ಅರಗೊನೈಟ್ ಕಪ್ಪಾಗುತ್ತದೆ, ಕ್ಯಾಲ್ಸೈಟ್ ಬಣ್ಣ ಹಿಡಿಯುವುದಿಲ್ಲ. ಮೊದಲೇ ಕ್ಯಾಲ್ಸೈಟ್ ಆಗಿರುವ ಆಯ್‌ಸ್ಟರ್‌ನಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ. ಇನ್ನೊಂದು ವಿಷಯ, ಬೆಂಕಿಯಲ್ಲಿ ಬಿದ್ದ ಚಿಪ್ಪೂ ಕ್ಯಾಲ್ಸೈಟ್ ಆಗುತ್ತದೆ, ಇನ್ನೂ ಜೋರಾಗಿ ಸುಟ್ಟರೆ ಸುಟ್ಟಸುಣ್ಣವೇ ಆಗಿ ಆಮೇಲೆ ಗಾಳಿಯಿಂದ ಹೊಸ ಇಂಗಾಲ ಹೀರಿಕೊಳ್ಳುತ್ತದೆ. ನಿಮ್ಮ ಚಿಪ್ಪು ಇದ್ದಿಲಿನ ಪಕ್ಕದಲ್ಲೇ ಸಿಕ್ಕಿದೆ ಅಂದಿದ್ದೀರಿ, ಇದನ್ನು ಖಂಡಿತ ನೋಡಿಸಿ.

ಮಾದರಿ ಸಿದ್ಧ ಮಾಡುವಾಗ ಮೇಲ್ಪದರವನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಬಿಸಾಡುತ್ತೇವೆ. ಉಳಿದ ಒಳಭಾಗಕ್ಕೆ ಫಾಸ್ಫಾರಿಕ್ ಆಮ್ಲ ಹಾಕಿ ಬರುವ ಇಂಗಾಲದ ಡೈಆಕ್ಸೈಡನ್ನು ಅಳತೆಗೆ ಕಳಿಸುತ್ತೇವೆ. ಎಳೆಯ ಮಾದರಿಗಳಲ್ಲಿ ಸ್ವಲ್ಪ ಕಲಬೆರಕೆ ನಡೆದೀತು. ತುಂಬಾ ಹಳೆಯದರಲ್ಲಿ ನಡೆಯುವುದಿಲ್ಲ: ಲಕ್ಷಾಂತರ ವರ್ಷದ ಚಿಪ್ಪಿಗೆ ನೂರಕ್ಕೆ 1 ಭಾಗ ಈಗಿನ ಇಂಗಾಲ ಸೇರಿದರೂ ಅದು 37,000 ವರ್ಷ ಅಂತ ತೋರಿಸುತ್ತದೆ. 35,000 ದಾಟಿದ ಚಿಪ್ಪಿನ ದಿನಾಂಕ ಕಂಡರೆ ನಾನು ಮೊದಲು ಹರಳಿನ ಪರೀಕ್ಷೆಯ ಫಲಿತಾಂಶ ಕೇಳುವುದು ಅದಕ್ಕೇ.

ನಿಮ್ಮ ವರದಿಯಲ್ಲಿ ಒಂದು ಸಾಲನ್ನು ಹುಡುಕಿ. ಕಾರ್ಬನ್-13, ಅಂದರೆ ಕ್ಷಯವಾಗದ, ಸಾಮಾನ್ಯ ಇಂಗಾಲಕ್ಕಿಂತ ಸ್ವಲ್ಪ ಭಾರದ ಇಂಗಾಲ, ಅದರ ಲೆಕ್ಕ ಹಾಕಿ ವಯಸ್ಸನ್ನು ಸರಿಹೊಂದಿಸಿದ್ದಾರಾ ಅಂತ. ಈಗ ಎಲ್ಲರೂ ಮಾಡುತ್ತಾರೆ, ಹಳೆಯ ವರದಿಗಳಲ್ಲಿ ಕೆಲವರು ಮಾಡಿರಲಿಲ್ಲ. ಇದನ್ನು ಮಾಡಿದರೆ ಸಮುದ್ರದ ಚಿಪ್ಪಿನ ವಯಸ್ಸು ಸುಮಾರು 400 ವರ್ಷ ಜಾಸ್ತಿಯಾಗುತ್ತದೆ. ಮಾಡದೇ ಬಿಟ್ಟರೆ ಸಮುದ್ರದ ನೀರಿನ ಹಳೆತನವೂ ಈ ಕೊರತೆಯೂ ಒಂದಕ್ಕೊಂದು ಹೊಡೆದುಹೋಗಿ, ಚಿಪ್ಪು ಮತ್ತು ಇದ್ದಿಲು ಪಕ್ಕಾ ಹೊಂದಿದಂತೆ ಕಾಣುತ್ತವೆ. ಹಳೆಯ ವರದಿಯ ಜೊತೆ ನಿಮ್ಮದನ್ನು ಹೋಲಿಸುತ್ತಿದ್ದರೆ ಇಲ್ಲಿ ತುಂಬಾ ಗೊಂದಲವಾಗುತ್ತದೆ.

ಕಾರ್ಬನ್ ಒಂದೇ ದಾರಿಯಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಹರಳಿನೊಳಗೆ ಸಿಕ್ಕಿಕೊಂಡ ಪ್ರೊಟೀನಿನ ಅಮೈನೋ ಆಮ್ಲಗಳು ಜೀವ ಇರುವಾಗ ಬಹುಪಾಲು ಎಡಗೈ ರೂಪದಲ್ಲಿರುತ್ತವೆ, ಸತ್ತ ಮೇಲೆ ನಿಧಾನವಾಗಿ ಅದರ ಕನ್ನಡಿ ಬಿಂಬದಂಥ ಬಲಗೈ ರೂಪಕ್ಕೆ ತಿರುಗುತ್ತವೆ. ಎರಡರ ಅನುಪಾತ ನೋಡಿ ಕಾರ್ಬನ್‌ಗೆ ಎಟುಕದ ಲಕ್ಷಾಂತರ ವರ್ಷಗಳನ್ನೂ ಅಂದಾಜು ಮಾಡಬಹುದು. ಬ್ರಿಟನ್ನಿನಲ್ಲಿ ಬಿಥಿನಿಯಾ ಎಂಬ ಸಿಹಿನೀರಿನ ಬಸವನಹುಳುವಿನ ಬಾಯಿ ಮುಚ್ಚುವ ಪುಟ್ಟ ಬಿಲ್ಲೆಯನ್ನು ಇದಕ್ಕೆ ಬಳಸಿದ್ದಾರೆ. ಆ ಬಿಲ್ಲೆ ಕ್ಯಾಲ್ಸೈಟ್, ಅದರ ಚಿಪ್ಪು ಅರಗೊನೈಟ್, ಹಾಗಾಗಿ ಬಿಲ್ಲೆಯೇ ಹೆಚ್ಚು ಕಾಲ ಕೆಡದೆ ಉಳಿಯುತ್ತದೆ. ಬೆಳವಣಿಗೆಯ ಗೆರೆಗಳನ್ನು ಎಣಿಸುವುದು ಇನ್ನೊಂದು ದಾರಿ. 2006ರಲ್ಲಿ ಐಸ್‌ಲ್ಯಾಂಡ್ ಹತ್ತಿರ ಸಿಕ್ಕ ಆರ್ಕ್ಟಿಕಾ ಐಲ್ಯಾಂಡಿಕಾ ಜಾತಿಯ ಒಂದು ಚಿಪ್ಪುಜೀವಿಯ ಗೆರೆ ಎಣಿಸಿದಾಗ 507 ವರ್ಷ ಬಂತು, 1499ರಲ್ಲಿ ಹುಟ್ಟಿದ್ದು. ಯುರೇನಿಯಂ ಎಷ್ಟು ಕ್ಷಯವಾಗಿದೆ ಅಂತ ನೋಡಿ ವಯಸ್ಸು ಅಳೆಯುವ ವಿಧಾನವನ್ನು ಮಾತ್ರ ಚಿಪ್ಪಿಗೆ ನಾನು ಸೂಚಿಸುವುದಿಲ್ಲ. ಹವಳಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಚಿಪ್ಪು ತನ್ನ ಯುರೇನಿಯಂನ ಬಹುಪಾಲನ್ನು ಸತ್ತ ಮೇಲೆ ಸುತ್ತಲಿನಿಂದ ಎಳೆದುಕೊಳ್ಳುತ್ತದೆ.

ಸದ್ಯಕ್ಕೆ ಹೀಗೆ ಮಾಡಿ. ಚಿಪ್ಪು ಯಾವ ಜಾತಿ, ಸಮುದ್ರದ್ದಾ ಹೊಳೆಯದ್ದಾ ಅಂತ ತಿಳಿದವರಿಂದ ಗುರುತು ಮಾಡಿಸಿ. ಸಮುದ್ರದ್ದಾಗಿ, ಹರಳು ಮೂಲ ರೂಪದಲ್ಲೇ ಇದ್ದು, ನಿಮ್ಮ ಕರಾವಳಿಗೆ ಡೆಲ್ಟಾ-ಆರ್ ಸಿಕ್ಕರೆ, ತಿದ್ದಿದ ಮೇಲೆ ಎರಡೂ ಹತ್ತಿರ ಬರುತ್ತವಾ ನೋಡಿ. ಬಂದರೆ ಎರಡನ್ನೂ ಉಳಿಸಿಕೊಳ್ಳಿ. ಉಳಿದ ಚಿಪ್ಪುಗಳನ್ನು ದಯವಿಟ್ಟು ಬಿಸಿನೀರಲ್ಲಿ ತೊಳೆಯಬೇಡಿ, ಒಲೆಯ ಹತ್ತಿರ ಒಣಗಿಸಬೇಡಿ. ಬಿಸಿ ತಾಗಿದರೆ ಅಮೈನೋ ಆಮ್ಲ ಬೇಗ ತಿರುಗಿಬಿಡುತ್ತದೆ, ಆಮೇಲೆ ಆ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ತಣ್ಣೀರಲ್ಲಿ ಮೃದುವಾದ ಬ್ರಷ್‌ನಿಂದ ಮಣ್ಣು ತೆಗೆದು, ನೆರಳಲ್ಲಿ ಒಣಗಿಸಿ ಇಡಿ.