ಫ್ರೆಡ್ಡಿ ಮರ್ಕ್ಯುರಿಯ ಅತ್ಯುತ್ತಮ ಗಾಯನ ಯಾವ ಹಾಡಿನಲ್ಲಿದೆ?

ಮರ್ಕ್ಯುರಿ ಗಾಯಕನಾಗಿದ್ದ ಬ್ರಿಟಿಷ್ ರಾಕ್ ತಂಡ ಕ್ವೀನ್‌ನ ಅಭಿಮಾನಿಗಳಲ್ಲಿ ಈ ಜಗಳ ಮುಗಿಯುವಂಥದ್ದಲ್ಲ. ಹೆಚ್ಚಿನವರು ಮೊದಲು ಹೇಳುವುದು 1975ರ 'ಬೊಹೀಮಿಯನ್ ರಾಪ್ಸೊಡಿ'. ಹಾಡು ದೊಡ್ಡದು, ಒಪ್ಪುತ್ತೇನೆ. ಆದರೆ ಅಲ್ಲಿ ನಮ್ಮನ್ನು ಬೆರಗುಗೊಳಿಸುವುದು ಕಂಠಕ್ಕಿಂತ ಹೆಚ್ಚಾಗಿ ಹಾಡಿನ ಕಟ್ಟೋಣ.

ಬರೀ ಗಾಯನವನ್ನೇ ತೂಗಿದರೆ ನನ್ನ ಮತ 1976ರ 'ಸಮ್‌ಬಡಿ ಟು ಲವ್'ಗೆ. ಹಿಂದೆ ಇಡೀ ಚರ್ಚ್ ಗಾಯನವೃಂದವೇ ನಿಂತಂತೆ ಕೇಳಿಸುತ್ತದಲ್ಲ, ಅದು ಮರ್ಕ್ಯುರಿ ಮತ್ತು ತಂಡದ ಸಂಗಾತಿಗಳಾದ ಬ್ರಯಾನ್ ಮೇ, ರೋಜರ್ ಟೇಲರ್ ಮೂವರೇ. ತಮ್ಮ ದನಿಗಳನ್ನೇ ಪದರದ ಮೇಲೆ ಪದರವಾಗಿ ರೆಕಾರ್ಡ್ ಮಾಡಿದ್ದು. ಹೆಡ್‌ಫೋನ್ ಹಾಕಿ ಮುಖ್ಯ ದನಿಯನ್ನಷ್ಟೇ ಹಿಂಬಾಲಿಸಿ. ಒಂದು ಸಾಲಿನಲ್ಲಿ ಗಂಟಲು ಒರಟಾಗುತ್ತದೆ, ಮುಂದಿನದರಲ್ಲೇ ಫಾಲ್ಸೆಟ್ಟೊಗೆ, ಅಂದರೆ ಸಹಜ ದನಿಗಿಂತ ಮೇಲಿನ ತೆಳು ಕೀಚಲು ದನಿಗೆ ಜಾರುತ್ತದೆ, ಬೆಸುಗೆ ಎಲ್ಲಿದೆಯೆಂದು ಗೊತ್ತೇ ಆಗುವುದಿಲ್ಲ.

'ದಿ ಶೋ ಮಸ್ಟ್ ಗೋ ಆನ್' ಪರ ವಾದಿಸುವವರನ್ನು ತಳ್ಳಿಹಾಕುವುದು ಕಷ್ಟ. ಏಡ್ಸ್‌ನಿಂದ ನಡೆಯಲೂ ಕಷ್ಟಪಡುತ್ತಿದ್ದ ಮನುಷ್ಯ ಇದನ್ನು ಹಾಡಬಲ್ಲನೇ ಎಂದು ಬ್ರಯಾನ್ ಮೇ ಅನುಮಾನಿಸಿದ್ದರು. ಮರ್ಕ್ಯುರಿ ಒಂದಿಷ್ಟು ವೋಡ್ಕಾ ಕುಡಿದು ಹಾಡಿ ಮುಗಿಸಿದನಂತೆ. ಕಥೆ ಗೊತ್ತಿರುವುದರಿಂದಲೇ ನಮಗೆ ಹಾಡು ಇಷ್ಟು ತಟ್ಟುತ್ತದೋ ಏನೋ. ಕಥೆ ಮರೆತು ಕೇಳಿದರೂ ಆ ಎತ್ತರದ ಸ್ವರಗಳಲ್ಲಿ ದನಿ ಎಲ್ಲೂ ಸೊರಗಿಲ್ಲ.

ನನಗೆ ಮಾತ್ರ ಮತ್ತೆ ಮತ್ತೆ ಕೇಳಲಾಗದ್ದು 'ಮದರ್ ಲವ್'. 1991ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೊ ಊರಿನ ಸ್ಟುಡಿಯೊದಲ್ಲಿ ಹಾಡಿದ್ದು, ಅವನ ಕೊನೆಯ ರೆಕಾರ್ಡಿಂಗ್‌. ಕೊನೆಯ ಚರಣ ಹಾಡಲು ಅವನು ಮರಳಿ ಬರಲೇ ಇಲ್ಲ. ಅಲ್ಲಿ ಕೇಳಿಸುವುದು ಬ್ರಯಾನ್ ಮೇ ಅವರ ದನಿ.