ಗುದ್ದಿದ್ದು ಯಾರು?

ಪ್ರಿಯರೇ,

ಜಾಲ್ಗಿರಿಸ್ ಕ್ಲಬ್ಬಿನ ಬಗ್ಗೆ ನೀವು ಕಳಿಸಿದ ಬರಹ ತಲುಪಿತು. ಲಿಥುವೇನಿಯಾದ ಕೌನಸ್ ಎಂಬ ಊರಿನ ಬ್ಯಾಸ್ಕೆಟ್‌ಬಾಲ್ ತಂಡದ ಮೇಲೆ ಕನ್ನಡದಲ್ಲಿ ಹನ್ನೆರಡು ಪುಟ ಬರೆಯುವವರು ಇದ್ದಾರೆ ಅನ್ನೋದೇ ಒಂದು ಖುಷಿ. ಇಸವಿಗಳು, ಸ್ಕೋರುಗಳು ಸರಿಯಾಗಿವೆ. 1999ರಲ್ಲಿ ಮ್ಯೂನಿಕ್‌ನಲ್ಲಿ ನಡೆದ ಯುರೋಲೀಗ್ ಫೈನಲ್ ಭಾಗ ಚೆನ್ನಾಗಿದೆ. ಜಾಲ್ಗಿರಿಸ್‌ನ ಗಿಡ್ಡ ಆಳು ಟೈಯಸ್ ಎಡ್ನಿ ಇಟಲಿಯ ಬೊಲೋನ್ಯಾ ತಂಡದ ದೈತ್ಯರ ನಡುವೆ ನುಸುಳಿ ಹೋಗುವುದು ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಡಿ.

ಹೊಗಳಿಕೆ ಮುಗಿಯಿತು. ಐದನೇ ಪುಟಕ್ಕೆ ಬನ್ನಿ. ನಿಮ್ಮ ವಾಕ್ಯ ಇದು:

“1986ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ದುರದೃಷ್ಟವಶಾತ್ ಅಹಿತಕರ ಘಟನೆಯೊಂದು ಸಂಭವಿಸಿ, ಸಬೋನಿಸ್ ಅಂಗಣದಿಂದ ಹೊರಕಳುಹಿಸಲ್ಪಟ್ಟರು ಮತ್ತು ಐತಿಹಾಸಿಕ ಅವಕಾಶವೊಂದು ಕೈತಪ್ಪಿತು.”

ಈ ಒಂದು ವಾಕ್ಯಕ್ಕೆ ನನ್ನ ಭಾನುವಾರ ಹಾಳಾಯಿತು. ಸುಮ್ನೆ ಹೇಳ್ತಿಲ್ಲ. ಪದ ಪದವಾಗಿ ನೋಡೋಣ.

‘ದುರದೃಷ್ಟವಶಾತ್.’ ಅದೃಷ್ಟಕ್ಕೂ ಇದಕ್ಕೂ ಏನು ಸಂಬಂಧ? ಮಳೆ ಬಂದು ಪಂದ್ಯ ನಿಂತಿತೇ? ಮೇಲಿಂದ ದೀಪ ಕಳಚಿ ಬಿತ್ತೇ?

‘ಅಹಿತಕರ ಘಟನೆ.’ ಇದು ಪೊಲೀಸ್ ಠಾಣೆಯ ಕನ್ನಡ. ‘ಜಾತ್ರೆಯಲ್ಲಿ ಯಾವುದೇ ಅಹಿತಕರ ಘಟನೆ ನಡೆದಿಲ್ಲ’ ಅಂತ ಪ್ರಕಟಣೆ ಬರುತ್ತದಲ್ಲ, ಅದು. ಮನೆಯಲ್ಲಿ ಇಬ್ಬರು ಮಕ್ಕಳು ಹೊಡೆದಾಡಿಕೊಂಡರೆ ‘ಅಹಿತಕರ ಘಟನೆ ಸಂಭವಿಸಿತು’ ಅಂತ ಯಾವ ತಾಯಿ ಹೇಳುತ್ತಾಳೆ?

‘ಹೊರಕಳುಹಿಸಲ್ಪಟ್ಟರು.’ ಇಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು. ನಿಮ್ಮ ಹನ್ನೆರಡು ಪುಟದಲ್ಲಿ ‘ಲ್ಪಟ್ಟಿತು’, ‘ಲ್ಪಟ್ಟರು’ ಮೂವತ್ತೊಂದು ಸಲ ಇದೆ. ಪೆನ್ಸಿಲ್ ಹಿಡಿದು ಎಣಿಸಿದೆ. ಮಾಡಿದವರನ್ನು ಬಚ್ಚಿಡಲು ನಮ್ಮ ಭಾಷೆಗೆ ಈ ಗಂಟಿನ ಹಂಗೇ ಬೇಕಿಲ್ಲ. ಲೋಟ ಒಡೆದ ಹುಡುಗ ‘ಲೋಟ ಒಡೆದೋಯ್ತು’ ಅಂತಾನೆ. ‘ನಾನು ಒಡೆದೆ’ ಅನ್ನಲ್ಲ, ಆ ಮಟ್ಟಿಗೆ ಕಳ್ಳ. ಆದರೆ ‘ಒಡೆಯಲ್ಪಟ್ಟಿತು’ ಅಂತ ಅವನೂ ಅನ್ನಲ್ಲ. ನೀವು ಆ ಹುಡುಗನನ್ನೂ ಮೀರಿಸಿದ್ದೀರಿ.

ಅವತ್ತು ಆಗಿದ್ದೇನು? ನಿಮಗೆ ಗೊತ್ತು. ಇಷ್ಟೆಲ್ಲ ಓದಿಕೊಂಡವರಿಗೆ ಗೊತ್ತಿಲ್ಲದೆ ಇರುತ್ತದೆಯೇ. ಆದರೂ ಬರೆಯುತ್ತೇನೆ. 1986ರ ಏಪ್ರಿಲ್ 3, ಬುಡಾಪೆಸ್ಟ್. ಎದುರಿಗೆ ಯುಗೊಸ್ಲಾವಿಯಾದ ಜಾಗ್ರೆಬ್‌ನ ಸಿಬೋನಾ. ಹಿಂದಿನ ವರ್ಷದ ಚಾಂಪಿಯನ್ನರು, ಡ್ರಾಜೆನ್ ಪೆಟ್ರೋವಿಚ್ ಇದ್ದ ತಂಡ. ಜಾಲ್ಗಿರಿಸ್ ಕಡೆ ಅರ್ವಿದಾಸ್ ಸಬೋನಿಸ್. ವಯಸ್ಸು 21, ಎತ್ತರ ಏಳು ಅಡಿ ಮೂರು ಇಂಚು. ಅಷ್ಟು ಹೊತ್ತಿಗೆ ಒಬ್ಬನೇ 27 ಪಾಯಿಂಟ್ ಹೊಡೆದಿದ್ದ. ಎರಡನೇ ಅರ್ಧದಲ್ಲಿ ತಳ್ಳಾಟ ಶುರುವಾಯಿತು. ಸಬೋನಿಸ್ ಕೈ ಎತ್ತಿ ಸಿಬೋನಾದ ಮಿಹೋವಿಲ್ ನಾಕಿಚ್‌ಗೆ ಗುದ್ದಿದ. ರೆಫರಿ ಅವನನ್ನು ಹೊರಗೆ ಕಳಿಸಿದರು. ಸಿಬೋನಾ 94-82ರಿಂದ ಗೆದ್ದಿತು.

‘ಗುದ್ದಿದ.’ ಮೂರು ಅಕ್ಷರ. ನಿಮ್ಮ ಲೇಖನದಲ್ಲಿ ಆ ಮೂರು ಅಕ್ಷರಕ್ಕೆ ಜಾಗ ಸಿಕ್ಕಿಲ್ಲ.

ಯಾಕೆ ಸಿಕ್ಕಿಲ್ಲ ಅಂತಲೂ ನನಗೆ ಅಂದಾಜಿದೆ. ನಿಮ್ಮ ಕಥೆಯಲ್ಲಿ ಜಾಲ್ಗಿರಿಸ್ ಅಂದರೆ ಮಾಸ್ಕೋ ಎದುರು ನಿಂತ ಪುಟ್ಟ ದೇಶ. 1985, 86, 87, ಮೂರು ವರ್ಷ ಸಾಲಾಗಿ ಸೋವಿಯತ್ ಸೇನೆಯ ತಂಡ ಸಿಎಸ್‌ಕೆಎಯನ್ನು ಮಣಿಸಿ ಲೀಗ್ ಗೆದ್ದವರು. ಆ ಭಾಗ ಬರೆಯುವಾಗ ನಿಮ್ಮ ಕೈ ತಾನಾಗಿ ಓಡಿದೆ. ಆದರೆ ಬುಡಾಪೆಸ್ಟ್‌ನಲ್ಲಿ ಎದುರಿಗೆ ಮಾಸ್ಕೋ ಇರಲಿಲ್ಲ. ಇದ್ದವರು ಯುಗೊಸ್ಲಾವಿಯಾದವರು. ಅದಕ್ಕಿಂತ ಮುಜುಗರದ ವಿಷಯ, ಆಗ ಲಿಥುವೇನಿಯಾ ಸೋವಿಯತ್ ಹಿಡಿತದಲ್ಲಿತ್ತು, ಅವತ್ತು ಕೌನಸ್‌ನ ಹುಡುಗರು ಆಡಿದ್ದೇ ಸೋವಿಯತ್ ಒಕ್ಕೂಟದ ಚಾಂಪಿಯನ್ನರಾಗಿ. ಬಯ್ಯೋಕೆ ವಿಲನ್ ಇಲ್ಲ. ನಮ್ಮ ಹೀರೋನೇ ಕೈ ಎತ್ತಿದ್ದಾನೆ. ಅದಕ್ಕೇ ನೀವು ‘ಲ್ಪಟ್ಟರು’ ಅನ್ನೋ ಕಂಬಳಿ ಹೊದಿಸಿ ಮುಂದಕ್ಕೆ ಓಡಿದ್ದೀರಿ, ಅಲ್ವಾ? ಸಬೋನಿಸ್‌ಗೆ ನಿಮ್ಮ ಕಾವಲು ಬೇಕಾಗಿಲ್ಲ ಮಾರಾಯ್ರೆ. ಎರಡು ವರ್ಷದ ನಂತರ ಸಿಯೋಲ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಮನುಷ್ಯ ಅವನು.

ಇದೇ ಕಂಬಳಿ ಮೊದಲ ಪುಟದಲ್ಲೂ ಇದೆ. “1944ರಲ್ಲಿ ಕ್ಲಬ್ ಸ್ಥಾಪಿಸಲ್ಪಟ್ಟಿತು.” ಹಿಂದಿನ ಪ್ಯಾರಾದಲ್ಲಿ 1939ರ ಯುರೋಪಿಯನ್ ಚಾಂಪಿಯನ್‌ಶಿಪ್ ಇದೆ. ಅದಕ್ಕೆಂದೇ ಕೌನಸ್‌ನಲ್ಲಿ ಹಾಲ್ ಕಟ್ಟಿದರು, ಅಲ್ಲಿ ಲಾಟ್ವಿಯಾ ಮೇಲೆ 37-36ರಿಂದ ಗೆದ್ದರು. ಅಲ್ಲಿಂದ ಒಂದೇ ನೆಗೆತಕ್ಕೆ 1944. ನಡುವಿನ ಐದು ವರ್ಷದಲ್ಲಿ ಆ ದೇಶವೇ ಭೂಪಟದಿಂದ ಹೋಗಿತ್ತು! 1940ರಲ್ಲಿ ಸೋವಿಯತ್ ಸೇನೆ ಬಂತು, 41ರಲ್ಲಿ ಜರ್ಮನರು ಬಂದರು, 44ರಲ್ಲಿ ಮತ್ತೆ ಸೋವಿಯತ್. ಅಂಥ ವರ್ಷದಲ್ಲಿ ಹುಟ್ಟಿದ ತಂಡಕ್ಕೆ ಇಟ್ಟ ಹೆಸರು ನೋಡಿ. 1410ರ ಗ್ರುನ್‌ವಾಲ್ಡ್ ಕದನವನ್ನು ಲಿಥುವೇನಿಯಾದವರು ಜಾಲ್ಗಿರಿಸ್ ಅನ್ನುತ್ತಾರೆ. ಪೋಲೆಂಡ್, ಲಿಥುವೇನಿಯಾ ಕೂಡಿ ಜರ್ಮನ್ ನೈಟ್‌ಗಳನ್ನು ಸದೆಬಡಿದ ಜಾಗ. ಜರ್ಮನರನ್ನು ಸೋಲಿಸಿದ ಕದನದ ಹೆಸರಿಗೆ 1944ರಲ್ಲಿ ಮಾಸ್ಕೋ ಯಾಕೆ ಬೇಡ ಅನ್ನುತ್ತದೆ? ಲಿಥುವೇನಿಯಾದವರ ಕಿವಿಗೆ ಅದೇ ಹೆಸರು ಬೇರೆ ಥರ ಕೇಳುತ್ತದೆ. ಈ ಹೆಸರನ್ನು ನೀವು ಆವರಣ ಚಿಹ್ನೆಯೊಳಗೆ ಹಾಕಿ ಮುಗಿಸಿದ್ದೀರಿ.

ಇಷ್ಟು ಜೋರು ಮಾಡುತ್ತಿರುವುದಕ್ಕೆ ಒಂದು ಹಳೆಯ ಗಾಯ ಕಾರಣ. ನನ್ನ ಮೊದಲ ಕೆಲಸ ಒಂದು ಜಿಲ್ಲಾ ಪತ್ರಿಕೆಯಲ್ಲಿ. ಪೇಪರಿನ ಹೆಸರು ಬೇಡ, ಈಗ ಅದು ಇಲ್ಲ. ಸೇರಿ ಎರಡು ತಿಂಗಳಾಗಿತ್ತು. ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್ ವರದಿಗೆ ಕಳಿಸಿದರು. ಸಿಮೆಂಟ್ ಅಂಗಣ, ಒಂದು ಕಡೆ ಬಳೆಗೆ ಬಲೆಯೇ ಇಲ್ಲ, ಚೆಂಡು ಒಳಗೆ ಬಿತ್ತೋ ಹೊರಗೆ ಹೋಯಿತೋ ಅಂತಲೇ ಜಗಳ. ಅಂಥ ಒಂದು ಜಗಳದಲ್ಲಿ ಒಬ್ಬ ಆಟಗಾರ ರೆಫರಿಯ ಕೆನ್ನೆಗೆ ಬಾರಿಸಿದ. ಅವನು ನನ್ನ ರೂಮ್‌ಮೇಟ್. ರಾತ್ರಿ ಬಂದು ಬರೆದೆ: ‘ಕೆಲ ಗೊಂದಲಗಳಿಂದ ಪಂದ್ಯ ಅರ್ಧಕ್ಕೆ ಸ್ಥಗಿತಗೊಳಿಸಲ್ಪಟ್ಟಿತು.’

ನಮ್ಮ ಮುಖ್ಯ ಉಪಸಂಪಾದಕರು ಜಾಸ್ತಿ ಮಾತಾಡುವವರಲ್ಲ. ಎಲೆ ಅಡಿಕೆ ಹಾಕಿದ ಬಾಯಿ, ಮಾತಾಡಲು ಕಿಟಕಿ ತನಕ ಹೋಗಿ ಬರಬೇಕು. ಅವರು ಹೋಗಿ ಉಗುಳಿ ಬಂದು ಕೇಳಿದ್ದು ಒಂದೇ: “ಯಾವ ಗೊಂದಲ?” ನಾನು ಬದಲಿಸಿದೆ. ‘ಹಲ್ಲೆ ನಡೆದಿದ್ದರಿಂದ.’ ಹಾಳೆ ವಾಪಸ್ ಬಂತು. ‘ರೆಫರಿಯ ಮೇಲೆ ಹಲ್ಲೆ ನಡೆಸಲಾಯಿತು.’ ಮತ್ತೆ ವಾಪಸ್. ಅಷ್ಟರಲ್ಲಿ ಕಂಪೋಸಿಂಗ್‌ನಿಂದ ಎರಡು ಸಲ ಹುಡುಗ ಬಂದು ಹೋಗಿದ್ದ. ಐದನೇ ಸಲಕ್ಕೆ ರೂಮ್‌ಮೇಟ್ ಹೆಸರು, ‘ರೆಫರಿಯ ಕೆನ್ನೆಗೆ ಹೊಡೆದ’, ಅಷ್ಟೇ ಬರೆದೆ. ಅವರು ಏನೂ ಅನ್ನದೆ ಅಚ್ಚಿಗೆ ಕಳಿಸಿದರು. ಒಂದು ತಿಂಗಳು ಆ ಗೆಳೆಯ ನನ್ನ ಜೊತೆ ಮಾತಾಡಲಿಲ್ಲ. ಅಡುಗೆಯ ಸರದಿ ಅವನದಿದ್ದ ದಿನ ಒಬ್ಬನಿಗೇ ಆಗುವಷ್ಟು ಅನ್ನ ಮಾಡಿಟ್ಟು ಹೋಗುತ್ತಿದ್ದ.

‘ಐತಿಹಾಸಿಕ’ ಹದಿನಾಲ್ಕು ಕಡೆ ಇದೆ. ಅದನ್ನು ನೀವೇ ನೋಡಿಕೊಳ್ಳಿ. 2011ರ ಹೊಸ ಅರೀನಾ, ಯಾಸಿಕೆವಿಚಸ್ ಕೋಚ್ ಆಗಿ 2018ರಲ್ಲಿ ತಂಡವನ್ನು ಯುರೋಲೀಗ್‌ನ ಫೈನಲ್ ಫೋರ್, ಅಂದರೆ ಕೊನೆಯ ನಾಲ್ವರ ಸುತ್ತಿನ ತನಕ ಕರೆದೊಯ್ದಿದ್ದು, ಇವುಗಳ ಬಗ್ಗೆ ನನಗೆ ತಕರಾರಿಲ್ಲ.

ಬುಡಾಪೆಸ್ಟ್‌ಗೆ ಒಂದು ಪುಟ ಕೊಡಿ, ಹದಿನೈದು ದಿನದಲ್ಲಿ ಕಳಿಸಿ. ಜಾಗ ಬೇಕಿದ್ದರೆ ಕೊನೆಯ ಪುಟದ ಟ್ರೋಫಿ ಪಟ್ಟಿ ತೆಗೆಯಿರಿ. ಕಳಿಸುವಾಗ ನಾಕಿಚ್ ಹೆಸರು ಇರಲಿ. ಈಗಿನ ಪ್ರತಿಯಲ್ಲಿ ಏಟು ತಿಂದವನಿಗೆ ಹೆಸರೇ ಇಲ್ಲ.